ನೂರ ನಲವತ್ತು ಕ್ಯಾಸೆಟ್ಟುಗಳು ಮತ್ತು ಒಂದು ಹಳೆಯ ರೂಟರ್

1980ರ ದಶಕದ ನಡುವಿನಿಂದ ಸುಮಾರು ಹದಿನೈದು ವರ್ಷಗಳ ಕಾಲ ಅಪ್ಪಯ್ಯ ಸಾಗರದ ಸುತ್ತಮುತ್ತ ಎಲ್ಲಿ ತಾಳಮದ್ದಳೆ ನಡೆದರೂ ಟೇಪ್ ರೆಕಾರ್ಡರ್ ಹೊತ್ತು ಹೋಗಿ, ಭಾಗವತರ ಎದುರಿಗೆ ಮೈಕ್ ಇಟ್ಟು, ಬೆಳಗಿನ ಜಾವದವರೆಗೆ ಎಚ್ಚರವಿದ್ದು ಮುದ್ರಿಸಿಕೊಳ್ಳುತ್ತಿದ್ದರು. ಹೀಗೆ ಕೂಡಿದ ಕ್ಯಾಸೆಟ್ಟುಗಳಲ್ಲಿ ಮಲೆನಾಡಿನ ತೇವಕ್ಕೂ ಬೂಷ್ಟಿಗೂ ಬಲಿಯಾಗದೆ ಉಳಿದವು 140. ಎರಡು ಮಳೆಗಾಲ ಕೂತು ಅವನ್ನೆಲ್ಲ ಒಂದೊಂದಾಗಿ ಲ್ಯಾಪ್‌ಟಾಪಿಗೆ ಇಳಿಸಿದೆ. ಕ್ಯಾಸೆಟ್ಟನ್ನು ಇಳಿಸಲು ಅಡ್ಡದಾರಿಯಿಲ್ಲ. ತೊಂಬತ್ತು ನಿಮಿಷದ ಕ್ಯಾಸೆಟ್ಟಿಗೆ ತೊಂಬತ್ತು ನಿಮಿಷವೇ ಬೇಕು. ಧ್ವನಿಯನ್ನು ಕುಗ್ಗಿಸದೆ, ಸಿಡಿಯ ಗುಣಮಟ್ಟದ ವೇವ್ ಕಡತವಾಗಿ ಉಳಿಸಿದರೆ ನಿಮಿಷಕ್ಕೆ ಹತ್ತೂವರೆ ಎಂಬಿಯಷ್ಟು ಜಾಗ ಹಿಡಿಯುತ್ತದೆ. ಅಂದರೆ ಒಂದು ಕ್ಯಾಸೆಟ್ಟಿಗೆ ಸುಮಾರು 950 ಎಂಬಿ, ಎಲ್ಲವೂ ಸೇರಿ 130 ಜಿಬಿ. ಇದರ ಜೊತೆಗೆ ಸ್ಕ್ಯಾನ್ ಮಾಡಿದ ಹಳೆಯ ಫೋಟೊಗಳು, ತಮ್ಮನ ಮದುವೆಯ ವಿಡಿಯೊ, ಜಮೀನಿನ ದಾಖಲೆಗಳ ಪ್ರತಿಗಳು.

ಇಷ್ಟನ್ನೂ ಎಲ್ಲಿಡುವುದು ಎಂಬ ಪ್ರಶ್ನೆ ಬಂದಾಗ ಮೊದಲು ನೆನಪಾದದ್ದು ಅಂತರಜಾಲದ ಸಂಗ್ರಹ ಸೇವೆಗಳು. ಗೂಗಲ್ ಪುಕ್ಕಟೆಯಾಗಿ ಕೊಡುವುದು 15 ಜಿಬಿ. ಮಿತಿಯಿಲ್ಲದೆ ಫೋಟೊ ಇಡಬಹುದಾಗಿದ್ದ ಕಾಲ 2021ರ ಜೂನ್ 1ಕ್ಕೇ ಮುಗಿದಿದೆ. ತಿಂಗಳ ಬಾಡಿಗೆ ಕೊಟ್ಟು ಇಡಬಹುದಿತ್ತು, ಆದರೆ ಅಪ್ಪಯ್ಯ ಕೇಳಿದ ಪ್ರಶ್ನೆಗೆ ನನ್ನಲ್ಲಿ ಸಮಾಧಾನಕರ ಉತ್ತರವಿರಲಿಲ್ಲ. "ಇದು ನಮ್ಮನೆಯೊಳಗೇ ಇರ್ತದಾ, ಎಲ್ಲೋ ಹೊರಗೆ ಹೋಗ್ತದಾ?" ಎಂದು ಅವರು ಕೇಳಿದ್ದರು. ಮನೆಯೊಳಗೇ ಇರಬೇಕು, ಅಪ್ಪಯ್ಯನ ಮೊಬೈಲಿನಲ್ಲೂ ತಮ್ಮನ ವಿಂಡೋಸ್ ಕಂಪ್ಯೂಟರಿನಲ್ಲೂ ನನ್ನ ಲಿನಕ್ಸ್ ಲ್ಯಾಪ್‌ಟಾಪಿನಲ್ಲೂ ತೆರೆದುಕೊಳ್ಳಬೇಕು, ಯಾರ ಲ್ಯಾಪ್‌ಟಾಪ್ ಮುಚ್ಚಿದ್ದರೂ ಸಿಗುತ್ತಿರಬೇಕು ಎಂದು ಯೋಚಿಸುತ್ತ ಹೋದಾಗ ಅಟ್ಟದ ಮೇಲಿದ್ದ ರೂಟರ್ ನೆನಪಾಯಿತು.

ಮನೆಗೆ ಫೈಬರ್ ಸಂಪರ್ಕ ಬಂದಾಗ ಸಂಪರ್ಕ ಕೊಟ್ಟವರೇ ಫೈಬರ್ ಸಂಪರ್ಕವನ್ನು ಮನೆಯ ಜಾಲಕ್ಕೆ ಕೂಡಿಸುವ ತಮ್ಮದೊಂದು ಒಎನ್‌ಟಿ ಪೆಟ್ಟಿಗೆಯನ್ನು ಗೋಡೆಗೆ ಹೊಡೆದು ಹೋಗಿದ್ದರು. ವೈಫೈ ಕೂಡ ಅದರಲ್ಲೇ ಇದ್ದುದರಿಂದ ಅದುವರೆಗೆ ದುಡಿದಿದ್ದ ಟಿಪಿ-ಲಿಂಕ್ ಆರ್ಚರ್ ಸಿ7, ಎರಡನೆಯ ಆವೃತ್ತಿ, ಕೆಲಸವಿಲ್ಲದೆ ಅಟ್ಟ ಸೇರಿತ್ತು. ಅದರ ಒಳಗಿರುವುದು 720 ಮೆಗಾಹರ್ಟ್ಸ್ ವೇಗದ ಕ್ವಾಲ್‌ಕಾಮ್ ಚಿಪ್, 128 ಎಂಬಿ ರ‍್ಯಾಮ್, 16 ಎಂಬಿ ಫ್ಲ್ಯಾಶ್ ಮೆಮೊರಿ. ಹಿಂಬದಿಯಲ್ಲಿ ಗಿಗಾಬಿಟ್ ಈಥರ್ನೆಟ್ ಕಿಂಡಿಗಳು, ಎರಡು ಯುಎಸ್‌ಬಿ 2.0 ಕಿಂಡಿಗಳು. ಇಂದಿನ ಅಗ್ಗದ ಮೊಬೈಲ್‌ಗೆ ಹೋಲಿಸಿದರೂ ಇದು ಬಡ ಯಂತ್ರವೇ. ಆದರೆ ಯುಎಸ್‌ಬಿ ಕಿಂಡಿಗೆ ಸಿಕ್ಕಿಸಿದ ಡಿಸ್ಕಿನಿಂದ ಕಡತಗಳನ್ನು ಓದಿ ತಂತಿಗೆ ಹಾಕುವ ಕೆಲಸಕ್ಕೆ ದೊಡ್ಡ ಯಂತ್ರವೇನೂ ಬೇಕಾಗಿಲ್ಲ. ನಮ್ಮ ರೂಟರ್‌ಗಳು ನಿಜಕ್ಕೂ ಪರದೆಯಿಲ್ಲದ ಪುಟ್ಟ ಲಿನಕ್ಸ್ ಕಂಪ್ಯೂಟರ್‌ಗಳು. ಅವುಗಳಲ್ಲಿ ಏನು ನಡೆಯಬೇಕು ಎಂಬುದನ್ನು ತಯಾರಕರ ತಂತ್ರಾಂಶ ನಿರ್ಧರಿಸುತ್ತದೆ, ಅಷ್ಟೆ.

ಯುಎಸ್‌ಬಿ ಕಿಂಡಿಗೆ ಡಿಸ್ಕ್ ಸಿಕ್ಕಿಸಿ ಹಂಚಿಕೊಳ್ಳುವ ಸೌಲಭ್ಯ ಆ ತಲೆಮಾರಿನ ರೂಟರ್‌ಗಳ ಮೂಲ ತಂತ್ರಾಂಶದಲ್ಲೇ ಇರುತ್ತಿತ್ತಲ್ಲ, ಆ ತಂತ್ರಾಂಶವನ್ನೇ, ಅಂದರೆ ಫರ್ಮ್‌ವೇರನ್ನೇ, ಬದಲಿಸುವ ತೊಂದರೆ ಏಕೆ ಎಂದು ಕೇಳಬಹುದು. ಕಾರಣವಿದೆ. ಆಗಿನ ಅನೇಕ ಮನೆ ರೂಟರ್‌ಗಳು ಕಡತ ಹಂಚಿಕೆಗೆ ಬಳಸುತ್ತಿದ್ದುದು ಎಸ್‌ಎಂಬಿ ಎಂಬ ಜಾಲ ನಿಯಮಾವಳಿಯ ಒಂದನೆಯ ಆವೃತ್ತಿಯನ್ನು. 2017ರ ಮೇ ತಿಂಗಳಲ್ಲಿ ಜಗತ್ತಿನ ಆಸ್ಪತ್ರೆ, ಕಚೇರಿಗಳ ಕಂಪ್ಯೂಟರ್‌ಗಳನ್ನು ಒತ್ತೆಯಿಟ್ಟುಕೊಂಡ ವಾನಾಕ್ರೈ ಎಂಬ ದುಷ್ಟ ತಂತ್ರಾಂಶ ಹರಡಿದ್ದು ವಿಂಡೋಸ್‌ನಲ್ಲಿದ್ದ ಇದೇ ಹಳೆಯ ಆವೃತ್ತಿಯ ಲೋಪದ ಮೂಲಕ. ಅದೇ ವರ್ಷದ ಅಕ್ಟೋಬರ್‌ನಿಂದ ಹೊಸದಾಗಿ ಹಾಕಿದ ವಿಂಡೋಸ್ 10ರಲ್ಲಿ ಅದು ತಾನಾಗಿಯೇ ಇರುವುದಿಲ್ಲ. ಹಳೆಯ ರೂಟರ್‌ನ ಹಂಚಿಕೆಯನ್ನು ತೆರೆಯಲು ವಿಂಡೋಸ್‌ನಲ್ಲಿ ಆ ಬಾಗಿಲನ್ನು ಮತ್ತೆ ತೆರೆಯಿರಿ ಎಂದು ಸಲಹೆ ಕೊಡುವವರು ಈಗಲೂ ಇದ್ದಾರೆ. ಆ ಮಾತನ್ನು ದಯವಿಟ್ಟು ಕೇಳಬೇಡಿ.

ನಾನು ಆರಿಸಿಕೊಂಡದ್ದು ಓಪನ್‌ಡಬ್ಲ್ಯುಆರ್‌ಟಿ ಎಂಬ, ರೂಟರ್‌ಗಳಿಗೆಂದೇ ಮಾಡಿದ ಲಿನಕ್ಸ್ ಆಧಾರಿತ ಮುಕ್ತ ಫರ್ಮ್‌ವೇರನ್ನು. ಅದರ ಹೆಸರಿನಲ್ಲೇ ಅದರ ಹುಟ್ಟಿನ ಕಥೆಯಿದೆ. ಲಿಂಕ್‌ಸಿಸ್ ಕಂಪನಿ 2002ರ ಕೊನೆಯಲ್ಲಿ ಡಬ್ಲ್ಯುಆರ್‌ಟಿ54ಜಿ ಎಂಬ ನೀಲಿ-ಕಪ್ಪು ರೂಟರನ್ನು ಮಾರುಕಟ್ಟೆಗೆ ತಂದಿತು. ಅದರ ಒಳಗಿರುವುದು ಲಿನಕ್ಸ್ ಎಂಬುದನ್ನು 2003ರಲ್ಲಿ ಕೆಲವರು ಪತ್ತೆ ಮಾಡಿದರು. ಲಿನಕ್ಸ್‌ನ ಜಿಪಿಎಲ್ ಪರವಾನಗಿಯ ಪ್ರಕಾರ, ಅದನ್ನು ಸೇರಿಸಿ ಮಾರಿದವರು ಅದರ ಮೂಲ ಸಂಕೇತವನ್ನೂ ಕೊಡಬೇಕು. ಒತ್ತಾಯ ಹೆಚ್ಚಿದ ಮೇಲೆ ಕಂಪನಿ ಸಂಕೇತವನ್ನು ಬಿಡುಗಡೆ ಮಾಡಿತು; ಅದನ್ನೇ ತಳಪಾಯವಾಗಿಟ್ಟುಕೊಂಡು 2004ರಲ್ಲಿ ಓಪನ್‌ಡಬ್ಲ್ಯುಆರ್‌ಟಿ ಶುರುವಾಯಿತು. 2016ರಲ್ಲಿ ಅದರ ಬಳಗ ಒಡೆದು ಲೀಡ್ ಎಂಬ ಹೆಸರಿನ ಇನ್ನೊಂದು ಕವಲಾಯಿತು, 2018ರ ಆರಂಭದಲ್ಲಿ ಎರಡೂ ಮತ್ತೆ ಒಂದಾದವು. ಮಾರಾಟ ನಿಂತು ವರ್ಷಗಳಾದ ರೂಟರ್‌ಗೂ ಇಂದಿನ ಲಿನಕ್ಸ್ ಕರ್ನಲ್ ಸಿಗುತ್ತಿರುವುದು ಆ ಪರವಾನಗಿಯ ಒಂದು ಷರತ್ತಿನಿಂದ ಮತ್ತು ಇಪ್ಪತ್ತು ವರ್ಷ ಬಿಡುವಿನ ವೇಳೆಯನ್ನು ಅದಕ್ಕೆ ಮೀಸಲಿಟ್ಟವರಿಂದ. ಅವರಿಗೆ ನಾನು ಋಣಿ.

ಕೆಲಸಕ್ಕೆ ಕೈ ಹಾಕುವ ಮೊದಲು ರೂಟರನ್ನು ಮಗುಚಿ ಅಡಿಯ ಚೀಟಿಯಲ್ಲಿ ಆವೃತ್ತಿ ಎಷ್ಟೆಂದು ಓದಿಕೊಳ್ಳಬೇಕು. ಒಂದೇ ಹೆಸರಿನಲ್ಲಿ ಮಾರಾಟವಾದ ರೂಟರ್‌ಗಳ ಒಳಗಿನ ಸಾಮಾನು ಆವೃತ್ತಿಯಿಂದ ಆವೃತ್ತಿಗೆ ಬದಲಾಗಿರುತ್ತದೆ. ಐದನೆಯ ಆವೃತ್ತಿಯ ಆರ್ಚರ್ ಸಿ7ಗೆ ಇರುವುದು ಒಂದೇ ಯುಎಸ್‌ಬಿ ಕಿಂಡಿ, ಅದಕ್ಕೆ ಬೇಕಾದ ಫರ್ಮ್‌ವೇರ್ ಕಡತವೂ ಬೇರೆ. ಮೆಮೊರಿಯ ಲೆಕ್ಕವನ್ನೂ ನೋಡಬೇಕು. ಫ್ಲ್ಯಾಶ್ 4 ಎಂಬಿ, ರ‍್ಯಾಮ್ 32 ಎಂಬಿ ಇರುವ ಹಳೆಯ ಪೆಟ್ಟಿಗೆಗಳಿಗೆ ಓಪನ್‌ಡಬ್ಲ್ಯುಆರ್‌ಟಿಯ 19.07ರ ನಂತರದ ಆವೃತ್ತಿಗಳು ಇಲ್ಲ. ಫ್ಲ್ಯಾಶ್ 8, ರ‍್ಯಾಮ್ 64 ಇದ್ದರೂ ಡಿಸ್ಕ್ ಹಂಚಿಕೆಗೆ ಇಕ್ಕಟ್ಟು. ಯುಎಸ್‌ಬಿ ಕಿಂಡಿಯೇ ಇಲ್ಲದಿದ್ದರಂತೂ ಮುಂದೆ ಯೋಚಿಸುವ ಅಗತ್ಯವಿಲ್ಲ.

ಫ್ಲ್ಯಾಶ್ ಮಾಡುವ, ಅಂದರೆ ಹೊಸ ಫರ್ಮ್‌ವೇರನ್ನು ರೂಟರ್‌ಗೆ ಬರೆಯುವ ಕೆಲಸ ಹೇಳಿಕೊಂಡಷ್ಟು ಕಷ್ಟದ್ದಲ್ಲ. ಪ್ರತಿ ಮಾದರಿಗೂ ಎರಡು ಬಗೆಯ ಕಡತಗಳಿರುತ್ತವೆ: ತಯಾರಕರ ತಂತ್ರಾಂಶದಿಂದ ಬದಲಾಯಿಸಲು 'ಫ್ಯಾಕ್ಟರಿ' ಎಂಬುದು, ಆಗಲೇ ಓಪನ್‌ಡಬ್ಲ್ಯುಆರ್‌ಟಿ ಇದ್ದರೆ ಹೊಸ ಆವೃತ್ತಿಗೆ ಹೋಗಲು 'ಸಿಸ್‌ಅಪ್‌ಗ್ರೇಡ್' ಎಂಬುದು. ಲ್ಯಾಪ್‌ಟಾಪನ್ನು ತಂತಿಯಲ್ಲೇ ಜೋಡಿಸಿ, ಮೊದಲನೆಯದನ್ನು ರೂಟರ್‌ನ ಹಳೆಯ ಪುಟದಲ್ಲಿರುವ ಫರ್ಮ್‌ವೇರ್ ಅಪ್‌ಗ್ರೇಡ್ ಜಾಗದಲ್ಲಿ ಏರಿಸಿದರೆ ಸಾಕು. ಕಡತದ ಉದ್ದ ಹೆಸರನ್ನು ಹಳೆಯ ಪುಟ ಒಪ್ಪದಿದ್ದರೆ ಹೆಸರನ್ನು ಚಿಕ್ಕದು ಮಾಡಬೇಕಾಗುತ್ತದೆ. ನಾನು ಇದನ್ನೆಲ್ಲ ಸರಿಯಾಗಿಯೇ ಮಾಡಿದೆ. ಆದರೆ ಜುಲೈ ತಿಂಗಳ ಮಧ್ಯಾಹ್ನ, ಗಾಳಿಮಳೆಯ ನಡುವೆ, ರೂಟರನ್ನು ಗೋಡೆಯ ಸಾಮಾನ್ಯ ಪ್ಲಗ್ಗಿಗೆ ಹಾಕಿ ಮಾಡಿದೆ. ಬರಹ ಅರ್ಧ ಆಗಿರುವಾಗ ಕರೆಂಟ್ ಹೋಯಿತು. ಮತ್ತೆ ಬಂದಾಗ ರೂಟರ್‌ನ ದೀಪಗಳು ಒಂದು ಸಲ ಮಿನುಗಿ ಹಾಗೆಯೇ ನಿಂತವು. ಯಾವ ವಿಳಾಸಕ್ಕೂ ಉತ್ತರವಿಲ್ಲ.

ಇಂಥ ಹೊತ್ತಿಗೆಂದೇ ಈ ಮಾದರಿಯ ಬೂಟ್‌ಲೋಡರಿನಲ್ಲಿ, ಅಂದರೆ ಸ್ವಿಚ್ ಹಾಕಿದೊಡನೆ ಮೊದಲು ಓಡುವ ಪುಟ್ಟ ಕಾರ್ಯಕ್ರಮದಲ್ಲಿ, ಒಂದು ಪಾರಾಗುವ ದಾರಿಯಿದೆ. ಲ್ಯಾಪ್‌ಟಾಪಿಗೆ 192.168.0.66 ಎಂಬ ಸ್ಥಿರ ವಿಳಾಸ ಕೊಟ್ಟು, ಅದರಲ್ಲಿ ಕಡತ ಕಳಿಸಿಕೊಡುವ ಟಿಎಫ್‌ಟಿಪಿ ಸರ್ವರ್ ಓಡಿಸಿ, ಫರ್ಮ್‌ವೇರ್ ಕಡತಕ್ಕೆ ಆ ಮಾದರಿಗೆ ನಿಗದಿಯಾದ 'ರಿಕವರಿ' ಹೆಸರನ್ನು ಕೊಟ್ಟು ಇಟ್ಟಿರಬೇಕು. ರೂಟರ್‌ನ ರೀಸೆಟ್ ಗುಂಡಿಯನ್ನು ಒತ್ತಿ ಹಿಡಿದು ಸ್ವಿಚ್ ಹಾಕಿದರೆ, ಅದು ತಾನಾಗಿಯೇ ಆ ವಿಳಾಸವನ್ನು ಹುಡುಕಿ, ಆ ಹೆಸರಿನ ಕಡತವನ್ನು ಕೇಳಿ ಪಡೆದು, ತನಗೆ ತಾನೇ ಬರೆದುಕೊಳ್ಳುತ್ತದೆ. ಈ ಬಾರಿ ರೂಟರನ್ನು ಇನ್ವರ್ಟರ್ ಲೈನಿನ ಪ್ಲಗ್ಗಿಗೆ ಹಾಕಿ ಮಾಡಿದೆ. ಕೆಲವೇ ನಿಮಿಷಗಳಲ್ಲಿ ರೂಟರ್ ಎದ್ದಿತು. ನಿಮ್ಮ ಮಾದರಿಗೆ ಇಂಥ ದಾರಿ ಇದೆಯೇ ಎಂದು ಮೊದಲೇ ತಿಳಿದುಕೊಂಡು, ಬೇಕಾದ ಕಡತವನ್ನು ಮೊದಲೇ ಇಳಿಸಿ ಇಟ್ಟುಕೊಳ್ಳಿ. ಮನೆಯ ಏಕೈಕ ರೂಟರ್ ಕೆಟ್ಟು ಕೂತ ಮೇಲೆ ಇಳಿಸಿಕೊಳ್ಳಲು ಇಂಟರ್ನೆಟ್ ಇರುವುದಿಲ್ಲ.

ಓಪನ್‌ಡಬ್ಲ್ಯುಆರ್‌ಟಿ ಮೊದಲ ಸಲ ಎದ್ದಾಗ ಅದರ ವಿಳಾಸ 192.168.1.1, ಗುಪ್ತಪದ ಇರುವುದಿಲ್ಲ, ವೈಫೈ ಆರಿರುತ್ತದೆ. ನಮ್ಮ ಮನೆಯ ಒಎನ್‌ಟಿಯ ವಿಳಾಸವೂ ಅದೇ ಆಗಿತ್ತು. ಎರಡನ್ನೂ ಹಾಗೆಯೇ ತಂತಿಯಿಂದ ಕೂಡಿಸಿದ್ದರೆ ಒಂದೇ ಬೀದಿಯಲ್ಲಿ ಒಂದೇ ನಂಬರಿನ ಎರಡು ಮನೆಗಳಾಗುತ್ತಿದ್ದವು. ಆದ್ದರಿಂದ ಜೋಡಿಸುವ ಮೊದಲೇ ಲ್ಯಾಪ್‌ಟಾಪಿನಿಂದ ಲೂಸಿ ಎಂಬ ಅದರ ನಿರ್ವಹಣಾ ಪುಟಕ್ಕೆ ಹೋಗಿ, ಗುಪ್ತಪದ ಇಟ್ಟು, ವಿಳಾಸವನ್ನು 192.168.1.2 ಎಂದು ಬದಲಿಸಿ, ಗೇಟ್‌ವೇ ಮತ್ತು ಡಿಎನ್‌ಎಸ್ ಜಾಗಗಳಲ್ಲಿ ಒಎನ್‌ಟಿಯ ವಿಳಾಸ ತುಂಬಿಸಿ, ಇತರ ಸಾಧನಗಳಿಗೆ ವಿಳಾಸ ಹಂಚುವ ಡಿಎಚ್‌ಸಿಪಿ ಸೇವೆಯನ್ನು ನಿಲ್ಲಿಸಿದೆ. ನಂತರ ಒಎನ್‌ಟಿಯ ಲ್ಯಾನ್ ಕಿಂಡಿಯಿಂದ ರೂಟರ್‌ನ ಲ್ಯಾನ್ ಕಿಂಡಿಗೆ ತಂತಿ ಎಳೆದೆ. ವ್ಯಾನ್ ಎಂಬ ನೀಲಿ ಕಿಂಡಿಗೆ ಎಳೆಯಬಾರದು. ಎಳೆದರೆ ನಡುವೆ ಫೈರ್‌ವಾಲ್ ಬಂದು ಡಿಸ್ಕ್ ಯಾರಿಗೂ ಕಾಣುವುದಿಲ್ಲ. ಇದಾದ ಮೇಲೆ ರೂಟರ್ ರೂಟರಾಗಿ ಉಳಿಯುವುದಿಲ್ಲ, ಮನೆಯ ಜಾಲದಲ್ಲಿ ಇನ್ನೊಂದು ಸಾಧನವಾಗಿ ಕೂರುತ್ತದೆ. ಅದರ ಎರಡೂ ವೈಫೈ ರೇಡಿಯೊಗಳನ್ನು ಆರಿಸಿಯೇ ಇಟ್ಟೆ. 128 ಎಂಬಿ ರ‍್ಯಾಮಿನಲ್ಲಿ ವೈಫೈ ಚಾಲಕವೇ ದೊಡ್ಡ ಪಾಲು ತಿನ್ನುತ್ತದೆ, ಆ ಜಾಗ ಡಿಸ್ಕಿನ ಕೆಲಸಕ್ಕೆ ಒದಗಲಿ ಎಂಬುದು ನನ್ನ ಉದ್ದೇಶ.

ಮುಂದಿನದು ಪ್ಯಾಕೇಜುಗಳು. ಯುಎಸ್‌ಬಿ ಡಿಸ್ಕನ್ನು ಗುರುತಿಸಲು ಯುಎಸ್‌ಬಿ-ಸ್ಟೋರೇಜ್ ಚಾಲಕ, ಡಿಸ್ಕಿನಲ್ಲಿ ಕಡತಗಳನ್ನು ಜೋಡಿಸಿಡುವ ಲಿನಕ್ಸ್‌ನ ಇಎಕ್ಸ್‌ಟಿ4 ವಿನ್ಯಾಸಕ್ಕೆ ಚಾಲಕ, ಡಿಸ್ಕನ್ನು ತಾನಾಗಿ ಮೌಂಟ್ ಮಾಡಲು, ಅಂದರೆ ಬಳಕೆಗೆ ಒದಗಿಸಲು, ಬ್ಲಾಕ್-ಮೌಂಟ್, ಡಿಸ್ಕನ್ನು ಮಲಗಿಸಲು ಎಚ್‌ಡಿ-ಐಡಲ್, ಪ್ರತಿ ತೆಗೆಯಲು ಆರ್‌ಸಿಂಕ್. ಹಂಚಿಕೆಗೆ ಎರಡು ಆಯ್ಕೆಗಳಿವೆ. ಸಾಂಬಾ ಬಹುಕಾಲದಿಂದ ನಡೆದುಬಂದದ್ದು, ಎಲ್ಲ ಬಲ್ಲದ್ದು, ಆದರೆ ಅದರ ನಾಲ್ಕನೆಯ ಆವೃತ್ತಿ 16 ಎಂಬಿಯ ಫ್ಲ್ಯಾಶಿಗೆ ಭಾರ. ಕೆಎಸ್‌ಎಂಬಿಡಿ ಎಂಬುದು ಕರ್ನಲ್‌ನ ಒಳಗೇ ಕೂತು ಕೆಲಸ ಮಾಡುವ ಹಗುರ ಸರ್ವರ್; 2021ರಲ್ಲಿ ಲಿನಕ್ಸ್ 5.15ರೊಂದಿಗೆ ಮುಖ್ಯ ಕರ್ನಲ್‌ಗೆ ಸೇರಿತು. ನಾನು ಎರಡನೆಯದನ್ನು ಆರಿಸಿದೆ. ಜಾಗ ಸಾಲದಿದ್ದರೆ ರೂಟರ್‌ನ ಬರೆಯಬಹುದಾದ ಭಾಗವನ್ನೇ ಯುಎಸ್‌ಬಿ ಡಿಸ್ಕಿಗೆ ಸಾಗಿಸುವ ಎಕ್ಸ್‌ಟ್‌ರೂಟ್ ಎಂಬ ಉಪಾಯವೂ ಇದೆ. ಆದರೆ ಡಿಸ್ಕ್ ತೆಗೆದ ದಿನ ರೂಟರ್ ತನ್ನ ಹೊಂದಿಕೆಗಳನ್ನೆಲ್ಲ ಮರೆತು ಎದ್ದೇಳುತ್ತದೆ. ಆಗಾಗ ಡಿಸ್ಕ್ ಬಿಚ್ಚಿ ಪರೀಕ್ಷಿಸಬೇಕೆಂದಿರುವವರಿಗೆ ಅದು ಹೇಳಿದ್ದಲ್ಲ.

ಡಿಸ್ಕಿನ ವಿಷಯವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ನಾನು ಹೆಚ್ಚು ಹೊತ್ತು ಕಳೆದದ್ದೂ ಪೆಟ್ಟು ತಿಂದದ್ದೂ ಇಲ್ಲೇ. ಎರಡೂವರೆ ಇಂಚಿನ 1 ಟಿಬಿ ಪೋರ್ಟಬಲ್ ಡಿಸ್ಕನ್ನು ರೂಟರ್‌ಗೆ ನೇರವಾಗಿ ಸಿಕ್ಕಿಸಿದಾಗ ಅದು ತಿರುಗಲು ಹೊರಟು, ಟಿಕ್ ಎಂದು ನಿಂತು, ಮತ್ತೆ ಹೊರಡುತ್ತಿತ್ತು. ಯುಎಸ್‌ಬಿ 2.0 ಕಿಂಡಿ ನಿಯಮದಂತೆ ಕೊಡುವುದು 5 ವೋಲ್ಟಿನಲ್ಲಿ 500 ಮಿಲಿಆಂಪಿಯರ್. ತಟ್ಟೆಗಳು ನಿಂತಲ್ಲಿಂದ ವೇಗ ಹಿಡಿಯುವ ಆ ಮೊದಲ ಕ್ಷಣಗಳಲ್ಲಿ ಇಂಥ ಡಿಸ್ಕು ಅದಕ್ಕಿಂತ ಹೆಚ್ಚು ಎಳೆಯುತ್ತದೆ. ಹೀಗೆ ಟಿಕ್ ಟಿಕ್ ಎನ್ನುತ್ತಿರುವ ಡಿಸ್ಕನ್ನು ಹಾಗೆಯೇ ಬಿಟ್ಟರೆ ಅದು ಸಾಯುತ್ತದೆ. ತನ್ನದೇ ಅಡಾಪ್ಟರ್ ಇರುವ ಯುಎಸ್‌ಬಿ ಹಬ್ ತಂದು ನಡುವೆ ಹಾಕಿದ ಮೇಲೆ ಡಿಸ್ಕು ಸುಮ್ಮನೆ ತಿರುಗತೊಡಗಿತು.

ಡಿಸ್ಕ್ ಅಂಗಡಿಯಿಂದ ಬಂದದ್ದು ವಿಂಡೋಸ್‌ನ ಎನ್‌ಟಿಎಫ್‌ಎಸ್ ವಿನ್ಯಾಸದಲ್ಲಿ. ಅದನ್ನು ಅಳಿಸಿ ಲ್ಯಾಪ್‌ಟಾಪಿನಲ್ಲೇ ಇಎಕ್ಸ್‌ಟಿ4 ಮಾಡಿದೆ. ಫ್ಯಾಟ್32 ಎಲ್ಲೆಡೆ ತೆರೆದುಕೊಳ್ಳುತ್ತದೆ ನಿಜ, ಆದರೆ ಒಂದು ಕಡತ 4 ಜಿಬಿ ಮೀರುವಂತಿಲ್ಲ. ಮದುವೆಯ ವಿಡಿಯೊ ಅಲ್ಲೇ ನಿಂತಿತು. ಎನ್‌ಟಿಎಫ್‌ಎಸ್ ಅನ್ನು ಬಹುಕಾಲದಿಂದ ಓದುತ್ತ ಬಂದಿರುವ ಚಾಲಕ ಕರ್ನಲ್‌ನ ಹೊರಗೆ ಕೆಲಸ ಮಾಡುವಂಥದು, ಈ ಬಡ ಚಿಪ್ಪಿನ ಶಕ್ತಿಯನ್ನೆಲ್ಲ ಹೀರಿಬಿಡುತ್ತದೆ. ಇಎಕ್ಸ್‌ಟಿ4 ಮಾಡುವಾಗ ಎರಡು ಮಾತುಗಳನ್ನು ನೆನಪಿಡಿ. ಅದು ತಾನಾಗಿಯೇ ನೂರಕ್ಕೆ ಐದು ಭಾಗವನ್ನು ರೂಟ್ ಬಳಕೆದಾರನಿಗೆಂದು ಕಾದಿರಿಸುತ್ತದೆ; 1 ಟಿಬಿಯಲ್ಲಿ ಅದು 50 ಜಿಬಿ, ನಮ್ಮ ಲೆಕ್ಕದಲ್ಲಿ ಐವತ್ತಕ್ಕೂ ಹೆಚ್ಚು ಕ್ಯಾಸೆಟ್ಟು. ಬರಿಯ ಸಂಗ್ರಹದ ಡಿಸ್ಕಿಗೆ ಇದು ಬೇಕಿಲ್ಲ, ಸೊನ್ನೆ ಮಾಡಬಹುದು. ಇನ್ನೊಂದು, ಮೌಂಟ್ ಮಾಡುವಾಗ ಕಿಂಡಿಯ ಹೆಸರಿನಿಂದ ಗುರುತಿಸದೆ ಡಿಸ್ಕಿಗೇ ಮೀಸಲಾದ ಯುಯುಐಡಿ ಎಂಬ ಗುರುತಿನಿಂದಲೇ ಗುರುತಿಸಬೇಕು, ಮತ್ತು 'ನೋಎಟೈಮ್' ಆಯ್ಕೆ ಹಾಕಬೇಕು. ಇಲ್ಲದಿದ್ದರೆ ಕಡತವನ್ನು ಬರಿದೇ ಓದಿದ್ದಕ್ಕೂ ಡಿಸ್ಕಿನ ಮೇಲೆ ಬರವಣಿಗೆ ನಡೆಯುತ್ತಿರುತ್ತದೆ.

ಕನ್ನಡದಲ್ಲಿ ಕಡತಗಳಿಗೆ ಹೆಸರಿಡುವವರಿಗೆ ಮಾತ್ರ ಎದುರಾಗುವ ಒಂದು ತೊಡಕನ್ನು ಇಲ್ಲಿ ಹೇಳಲೇಬೇಕು. ಅಪ್ಪಯ್ಯ ಪ್ರತಿ ಕ್ಯಾಸೆಟ್ಟಿನ ಚೀಟಿಯ ಮೇಲೆ ಪ್ರಸಂಗ, ಊರು, ತಾರೀಖು, ಭಾಗವತರು, ಮದ್ದಳೆ, ಅರ್ಥಧಾರಿಗಳು ಎಲ್ಲವನ್ನೂ ಬರೆದಿದ್ದರು. ನಾನು ಅದನ್ನೆಲ್ಲ ಕಡತದ ಹೆಸರಿಗೇ ಏರಿಸಿದ್ದೆ. ಡಿಸ್ಕಿಗೆ ನಕಲು ಮಾಡುವಾಗ ಕೆಲವು ಕಡತಗಳು ಹೆಸರು ಉದ್ದವಾಯಿತೆಂದು ನಿಂತವು. ಇಎಕ್ಸ್‌ಟಿ4ರಲ್ಲಿ ಹೆಸರಿನ ಮಿತಿ 255 ಅಕ್ಷರವಲ್ಲ, 255 ಬೈಟ್. ಅಕ್ಷರಗಳನ್ನು ಬೈಟ್‌ಗಳಾಗಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್ ಬೇಕು. ಗುಣಿತದ ಚಿಹ್ನೆಗೊಂದು ಸಂಕೇತ, ವಿರಾಮಕ್ಕೊಂದು, ಒತ್ತಕ್ಷರಕ್ಕೊಂದು. 'ತಾಳಮದ್ದಳೆ' ಎಂಬ ಪದ ಕಣ್ಣಿಗೆ ಐದೇ ಅಕ್ಷರವಾದರೂ ಒಳಗೆ 9 ಸಂಕೇತ, 27 ಬೈಟ್. ಹಾಗಾಗಿ ಒಂದು ಹೆಸರಿನಲ್ಲಿ ಹಿಡಿಯುವುದು ಹೆಚ್ಚೆಂದರೆ 85 ಸಂಕೇತಗಳು. ವಿಂಡೋಸ್‌ನ ಎನ್‌ಟಿಎಫ್‌ಎಸ್ ಬೇರೆ ಲೆಕ್ಕ ಹಿಡಿಯುವುದರಿಂದ ಅಲ್ಲಿ ಮೂರು ಪಟ್ಟು ಉದ್ದದ ಹೆಸರೂ ನಿಲ್ಲುತ್ತದೆ, ಇಲ್ಲಿಗೆ ಬರುವಾಗ ಬೀಳುತ್ತದೆ. ಕೊನೆಗೆ ಕಡತದ ಹೆಸರಿನಲ್ಲಿ ಕ್ರಮಸಂಖ್ಯೆ, ಪ್ರಸಂಗ, ಊರು, ವರ್ಷ ಇಷ್ಟನ್ನೇ ಉಳಿಸಿ, ಕಲಾವಿದರ ವಿವರಗಳನ್ನು ಅದರ ಪಕ್ಕದಲ್ಲೊಂದು ಪಠ್ಯ ಕಡತದಲ್ಲಿಟ್ಟೆ. ಅರ್ಥಧಾರಿಗಳ ಹೆಸರು ಚೀಟಿಯಿಂದ ಕಳಚದಂತೆ ಮೂವತ್ತು ವರ್ಷ ಕಾಪಾಡಿಕೊಂಡವರ ಮಗನಾಗಿ, ಅವನ್ನು ಅರ್ಧಕ್ಕೆ ಕತ್ತರಿಸಿ ಉಳಿಸುವುದು ನನಗೆ ಸಾಧ್ಯವಿರಲಿಲ್ಲ. ಅಂದ ಹಾಗೆ, ಹಳೆಯ ಫ್ಯಾಟ್32 ಪೆನ್‌ಡ್ರೈವ್‌ಗಳನ್ನು ರೂಟರ್‌ಗೆ ಸಿಕ್ಕಿಸುವಾಗ ಯುಟಿಎಫ್-8ರ ಭಾಷಾ ಪ್ಯಾಕೇಜನ್ನೂ ಆ ಆಯ್ಕೆಯನ್ನೂ ಹಾಕದಿದ್ದರೆ ಕನ್ನಡದ ಹೆಸರುಗಳೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗಿ ಕಾಣುತ್ತವೆ. ಕಡತಕ್ಕೆ ಏನೂ ಆಗಿರುವುದಿಲ್ಲ, ಗಾಬರಿ ಬೇಡ.

ಹಂಚಿಕೆಯನ್ನು ಎರಡು ಭಾಗ ಮಾಡಿದೆ. 'ಸಂಗ್ರಹ' ಎಂಬುದನ್ನು ಮನೆಯ ಎಲ್ಲರೂ ಓದಬಹುದು, ಯಾರೂ ಬರೆಯುವಂತಿಲ್ಲ. 'ಆವಕ' ಎಂಬುದರಲ್ಲಿ ಯಾರು ಬೇಕಾದರೂ ಹೊಸ ಫೋಟೊ, ವಿಡಿಯೊ ಹಾಕಬಹುದು. ವಾರಕ್ಕೊಮ್ಮೆ ನಾನು ಅದನ್ನು ನೋಡಿ, ಹೆಸರಿಟ್ಟು, ಸಂಗ್ರಹಕ್ಕೆ ಸೇರಿಸುತ್ತೇನೆ. ತಮ್ಮನ ಕಂಪ್ಯೂಟರಿಗೆ ನಾಳೆ ಯಾವುದೋ ವೈರಸ್ ಬಂದರೂ ಅದರ ಕೈ ಆವಕದ ಆಚೆಗೆ ಹೋಗಬಾರದು. ಗುಪ್ತಪದವಿಲ್ಲದ ಅತಿಥಿ ಪ್ರವೇಶವನ್ನು ಮುಚ್ಚಿದ್ದೇನೆ, ಎಸ್‌ಎಂಬಿ ಒಂದನೆಯ ಆವೃತ್ತಿ ಇಲ್ಲವೇ ಇಲ್ಲ. ಹೊರಗಿನಿಂದ ಮನೆಯ ಡಿಸ್ಕ್ ತೆರೆಯಲೆಂದು ಒಎನ್‌ಟಿಯಲ್ಲಿ ಪೋರ್ಟ್ ತೆರೆದಿಡುವ ಆಸೆ ಹಲವರಿಗೆ ಆಗುತ್ತದೆ, ಅದನ್ನು ಮಾಡಲೇಬಾರದು. ಕೆಎಸ್‌ಎಂಬಿಡಿಯಲ್ಲಿ ಹೊರಗಿನವರು ಗುಪ್ತಪದವಿಲ್ಲದೆಯೇ ಕರ್ನಲ್‌ನ ಒಳಹೊಕ್ಕಬಹುದಾದಂಥ ಗಂಭೀರ ಲೋಪವೊಂದು 2022ರ ಡಿಸೆಂಬರ್‌ನಲ್ಲಿ ಬಹಿರಂಗವಾಯಿತು. ಅದಕ್ಕೆ ಪರಿಹಾರ ಆ ಮೊದಲೇ ಕರ್ನಲ್‌ಗೆ ಸೇರಿತ್ತಾದರೂ, ಇಂಥ ಸೇವೆ ಮನೆಯ ಗೋಡೆಯೊಳಗೇ ಇರಬೇಕು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಅಪ್ಪಯ್ಯನ ಮೊಬೈಲಿನಲ್ಲಿ ವಿಎಲ್‌ಸಿ ಹಾಕಿ ಸ್ಥಳೀಯ ಜಾಲದ ವಿಭಾಗದಲ್ಲಿ ವಿಳಾಸವನ್ನು ಒಮ್ಮೆ ತುಂಬಿಸಿಕೊಟ್ಟೆ, ಅಷ್ಟೇ ಸಾಕಾಯಿತು.

ವೇಗದ ಬಗ್ಗೆ ಪ್ರಾಮಾಣಿಕವಾಗಿ ಹೇಳಬೇಕು. ಗಿಗಾಬಿಟ್ ತಂತಿ ಸೆಕೆಂಡಿಗೆ 110 ಎಂಬಿಗಿಂತ ಹೆಚ್ಚು ಸಾಗಿಸಬಲ್ಲದು, ಯುಎಸ್‌ಬಿ 2.0 ಒಳ್ಳೆಯ ಯಂತ್ರದಲ್ಲಿ 30ರಿಂದ 40. ನನ್ನ ರೂಟರ್‌ನಲ್ಲಿ ತಂತಿಯ ಮೂಲಕ ಓದುವಾಗ 20ರ ಹತ್ತಿರ, ಬರೆಯುವಾಗ 15ರ ಆಸುಪಾಸು ಸಿಗುತ್ತದೆ. ಆಗ ಚಿಪ್ಪಿನ ಬಳಕೆ ನೂರಕ್ಕೆ ನೂರು ಮುಟ್ಟಿರುತ್ತದೆ, ಅಂದರೆ ತಡೆ ಇರುವುದು ಚಿಪ್ಪಿನಲ್ಲಿ, ಡಿಸ್ಕಿನಲ್ಲಲ್ಲ. ಮೊದಲ ಸಲ 130 ಜಿಬಿ ತುಂಬಿಸಲು ಎರಡೂವರೆ ಗಂಟೆ ಹಿಡಿಯಿತು. ಆದರೆ ಒಂದು ವೇವ್ ಕಡತವನ್ನು ಕೇಳಲು ಬೇಕಾದ್ದು ಸೆಕೆಂಡಿಗೆ 0.18 ಎಂಬಿ ಮಾತ್ರ. ಮನೆಯವರೆಲ್ಲ ಒಟ್ಟಿಗೆ ಬೇರೆ ಬೇರೆ ಪ್ರಸಂಗ ಕೇಳಿದರೂ ಎಲ್ಲೂ ತಡೆಯುವುದಿಲ್ಲ.

ಇನ್ನು ಪೆಟ್ಟು ತಿಂದ ಕಥೆ. ಫ್ಲ್ಯಾಶ್ ಮಾಡುವಾಗಿನ ಅನುಭವದಿಂದ ಎಚ್ಚೆತ್ತು ರೂಟರ್‌ಗೆ ಮಾರುಕಟ್ಟೆಯಲ್ಲಿ ಸಿಗುವ 12 ವೋಲ್ಟಿನ ಪುಟ್ಟ ಯುಪಿಎಸ್ ತಂದು ಜೋಡಿಸಿದ್ದೆ. ಹಬ್ಬಿನ ಅಡಾಪ್ಟರ್ ಮಾತ್ರ ಗೋಡೆಯ ಪ್ಲಗ್ಗಿನಲ್ಲೇ ಉಳಿದಿತ್ತು. ಕರೆಂಟ್ ಹೋದಾಗಲೆಲ್ಲ ರೂಟರ್ ಎದ್ದೇ ಇರುತ್ತಿತ್ತು, ಡಿಸ್ಕ್ ಮಾತ್ರ ಹಠಾತ್ತಾಗಿ ಸಾಯುತ್ತಿತ್ತು. ರೂಟರ್ ನೆನಪಿನಲ್ಲಿ ಹಿಡಿದಿದ್ದ ಬರಹ ಡಿಸ್ಕಿಗೆ ತಲುಪುತ್ತಲೇ ಇರಲಿಲ್ಲ. ಬದಲಾವಣೆಗಳನ್ನು ಮೊದಲೇ ಗುರುತು ಹಾಕಿಕೊಳ್ಳುವ ಇಎಕ್ಸ್‌ಟಿ4ರ ಜರ್ನಲ್ ಹಲವು ಸಲ ಕಾಪಾಡಿತು. ಒಂದು ಆಗಸ್ಟ್ ರಾತ್ರಿ, ಆವಕದಿಂದ ಸಂಗ್ರಹಕ್ಕೆ ಕಡತಗಳು ಸಾಗುತ್ತಿದ್ದಾಗ, ಕರೆಂಟ್ ಒಂದೇ ಗಂಟೆಯಲ್ಲಿ ಏಳೆಂಟು ಸಲ ಹೋಗಿ ಬಂತು. ಬೆಳಗ್ಗೆ ನೋಡಿದರೆ ಒಂದು ಇಡೀ ಫೋಲ್ಡರ್ ಇಲ್ಲ.

ಡಿಸ್ಕನ್ನು ರೂಟರಿನಲ್ಲೇ ಪರೀಕ್ಷಿಸಲು ಹೋದೆ. 128 ಎಂಬಿ ರ‍್ಯಾಮ್ ಸಾಲದೆ ಪರೀಕ್ಷೆಯ ಕಾರ್ಯಕ್ರಮ ನಡುವೆಯೇ ಸತ್ತಿತು. ದೊಡ್ಡ ಡಿಸ್ಕನ್ನು ಸರಿಪಡಿಸುವ ಕೆಲಸವನ್ನು ಯಾವಾಗಲೂ ಲ್ಯಾಪ್‌ಟಾಪಿನಲ್ಲೇ ಮಾಡಬೇಕು ಎಂದು ಅಂದು ಕಲಿತೆ. ಅಲ್ಲಿ ಇಟುಎಫ್‌ಎಸ್‌ಸಿಕೆ ಓಡಿಸಿದಾಗ ಕಳೆದ ಹನ್ನೊಂದು ಕಡತಗಳು ಲಾಸ್ಟ್+ಫೌಂಡ್ ಎಂಬ ಫೋಲ್ಡರಿನಲ್ಲಿ ಸಿಕ್ಕವು, ಆದರೆ ಹೆಸರುಗಳೆಲ್ಲ ಅಳಿದು ಬರಿಯ ಸಂಖ್ಯೆಗಳಾಗಿದ್ದವು. ಆಗ ಕೈ ಹಿಡಿದದ್ದು ಇಳಿಸುವಾಗಲೇ ಬರೆದಿಟ್ಟುಕೊಂಡಿದ್ದ ಒಂದು ಪಟ್ಟಿ: ಪ್ರತಿ ಕಡತದ ಎಸ್‌ಎಚ್‌ಎ-256 ಮೊತ್ತ (ಕಡತದ ಒಳಗಿರುವುದರಿಂದ ಲೆಕ್ಕ ಹಾಕಿದ, ಬೆರಳಚ್ಚಿನಂಥ ಸಂಖ್ಯೆ) ಮತ್ತು ಅದರ ಎದುರಿಗೆ ಹೆಸರು. ಹನ್ನೊಂದೂ ಕಡತಗಳ ಮೊತ್ತವನ್ನು ತೆಗೆದು ಪಟ್ಟಿಯೊಂದಿಗೆ ತಾಳೆ ನೋಡಿದೆ. ಹತ್ತಕ್ಕೆ ಹೆಸರು ಮರಳಿತು. ಹನ್ನೊಂದನೆಯದರ ಮೊತ್ತ ಯಾವುದಕ್ಕೂ ಹೊಂದಲಿಲ್ಲ, ಅದು ಅರ್ಧ ಬರೆದ ಕಡತ. ಲ್ಯಾಪ್‌ಟಾಪಿನಲ್ಲಿ ಆ ಕ್ಯಾಸೆಟ್ಟಿನ ಪ್ರತಿ ಇನ್ನೂ ಅಳಿಸದೆ ಉಳಿದಿತ್ತು ಎಂಬುದೊಂದೇ ಕಾರಣದಿಂದ ಅದು ಬದುಕಿತು.

ಈಗ ರೂಟರ್, ಹಬ್ಬು, ಒಎನ್‌ಟಿ ಮೂರೂ ಮನೆಯ ಇನ್ವರ್ಟರಿನ ಒಂದೇ ಲೈನಿನಲ್ಲಿವೆ. ಇನ್ವರ್ಟರಿನ ಹಿಂಬದಿಯ ಸ್ವಿಚ್ಚನ್ನು ಯುಪಿಎಸ್ ಎಂಬ ಕಡೆಗೆ ತಿರುಗಿಸಿದ್ದೇನೆ. ಸಾಮಾನ್ಯ ಸ್ಥಿತಿಯಲ್ಲಿ ಬ್ಯಾಟರಿಗೆ ಬದಲಾಗಲು ಅದು ತೆಗೆದುಕೊಳ್ಳುವ ಕ್ಷಣಮಾತ್ರದ ಬಿಡುವು ಫ್ಯಾನಿಗೆ ತಿಳಿಯದಿದ್ದರೂ ಡಿಸ್ಕಿಗೆ ತಿಳಿಯುತ್ತದೆ. ಇಪ್ಪತ್ತು ನಿಮಿಷ ಯಾರೂ ಮುಟ್ಟದಿದ್ದರೆ ಡಿಸ್ಕ್ ಮಲಗುತ್ತದೆ. ಇಡೀ ಜೋಡಣೆ ಸದಾ 10 ವಾಟ್ ಎಳೆಯುತ್ತದೆ ಎಂದಿಟ್ಟುಕೊಂಡರೂ ತಿಂಗಳಿಗೆ 7.2 ಯುನಿಟ್.

ಅಂದಿನಿಂದ ಎರಡನೆಯ ಪ್ರತಿಯ ವಿಷಯದಲ್ಲಿ ಸೋಮಾರಿತನ ಮಾಡಿಲ್ಲ. ರೂಟರ್‌ನ ಎರಡನೆಯ ಯುಎಸ್‌ಬಿ ಕಿಂಡಿಗೆ ಇನ್ನೊಂದು ಡಿಸ್ಕನ್ನು ಕಾಯಂ ಸಿಕ್ಕಿಸಿಡುವ ಯೋಚನೆ ಬಂದಿತ್ತು, ಬಿಟ್ಟೆ. ಸಿಡಿಲು ಬಡಿದರೆ ಎರಡೂ ಒಟ್ಟಿಗೇ ಹೋಗುತ್ತವೆ. ಬದಲಿಗೆ ತಿಂಗಳಿಗೊಮ್ಮೆ ಎರಡನೆಯ ಡಿಸ್ಕನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿ, ಆರ್‌ಸಿಂಕ್‌ನಿಂದ ಬದಲಾದದ್ದನ್ನಷ್ಟೇ ಎಳೆದುಕೊಂಡು, ಬಿಚ್ಚಿ ಕಪಾಟಿನಲ್ಲಿಡುತ್ತೇನೆ. ಮೂರನೆಯದು ಮೈಸೂರಿನ ಅಕ್ಕನ ಮನೆಯಲ್ಲಿದೆ. ಹಬ್ಬಕ್ಕೆ ಬರುವಾಗ ಅಕ್ಕ ಅದನ್ನು ತರುತ್ತಾಳೆ, ಹೊಸದನ್ನು ಸೇರಿಸಿ, ಪಟ್ಟಿಯ ಮೊತ್ತಗಳನ್ನೆಲ್ಲ ಮತ್ತೊಮ್ಮೆ ತಾಳೆ ನೋಡಿ ಕಳಿಸಿಕೊಡುತ್ತೇನೆ. ಈ ತಾಳೆ ನೋಡುವ ಕೆಲಸವನ್ನು ರೂಟರ್‌ಗೆ ಹಚ್ಚಬೇಡಿ. 720 ಮೆಗಾಹರ್ಟ್ಸ್‌ನಲ್ಲಿ ಅದು ಬೇಗ ಮುಗಿಯುವಂಥದ್ದಲ್ಲ.

ಹೊಸದಾಗಿ ದುಡ್ಡು ಹಾಕಿ ಮಾಡುವುದಾದರೆ ಹಳೆಯ ರೂಟರನ್ನೇ ಹುಡುಕಿ ಕೊಳ್ಳಿರೆಂದು ನಾನು ಹೇಳುವುದಿಲ್ಲ. 2019ರಲ್ಲಿ ಬಂದ ರಾಸ್‌ಪ್‌ಬೆರಿ ಪೈ 4ಕ್ಕೆ ಯುಎಸ್‌ಬಿ 3.0 ಇದೆ, ನಿಜವಾದ ಗಿಗಾಬಿಟ್ ಇದೆ, ಕೆಲಸ ಹಲವು ಪಟ್ಟು ಬೇಗ ಆಗುತ್ತದೆ. ಓಪನ್‌ಡಬ್ಲ್ಯುಆರ್‌ಟಿ ಬಳಗವೇ 2024ರ ಕೊನೆಯಲ್ಲಿ ಓಪನ್‌ಡಬ್ಲ್ಯುಆರ್‌ಟಿ ಒನ್ ಎಂಬ ತನ್ನದೇ ರೂಟರನ್ನು ಹೊರತಂದಿದೆ. ಅದರಲ್ಲಿ 1 ಜಿಬಿ ರ‍್ಯಾಮ್ ಇದೆ, ಎಸ್‌ಎಸ್‌ಡಿ ಸಿಕ್ಕಿಸಲು ಎಂ.2 ಕಿಂಡಿಯೂ ಇದೆ. ಆದರೆ ಯುಎಸ್‌ಬಿ ಕಿಂಡಿಯಿರುವ, 16 ಎಂಬಿ ಫ್ಲ್ಯಾಶ್ ಇರುವ ರೂಟರ್ ಆಗಲೇ ನಿಮ್ಮ ಅಟ್ಟದ ಮೇಲಿದ್ದರೆ ಅದನ್ನು ಗುಜರಿಗೆ ಹಾಕುವ ಮೊದಲು ಅದರ ಅಡಿಯ ಚೀಟಿಯನ್ನೊಮ್ಮೆ ಓದಿ.

ನಮ್ಮದು ಈಗ ದೇವರ ಕೋಣೆಯ ಪಕ್ಕದ ಗೂಡಿನಲ್ಲಿ ಕೂತಿದೆ. ಅಪ್ಪಯ್ಯ ರಾತ್ರಿ ಊಟವಾದ ಮೇಲೆ ಸಂಗ್ರಹವನ್ನು ತೆರೆಯುತ್ತಾರೆ. ಮಲಗಿದ್ದ ಡಿಸ್ಕ್ ಎದ್ದು ವೇಗ ಹಿಡಿಯಲು ಏಳೆಂಟು ಸೆಕೆಂಡ್ ಬೇಕು. ಮೊದಮೊದಲು ಅವರು ಹಾಳಾಯಿತೇನೋ ಎಂದು ನನ್ನನ್ನು ಕರೆಯುತ್ತಿದ್ದರು. ಈಗ ಸುಮ್ಮನೆ ಕಾಯುತ್ತಾರೆ.